ಮೊದಲ ಗುಟುಕನ್ನು ಮುಂದೂಡುವುದು: ಕೊಡಗಿನ ಊರುಗಳಲ್ಲಿ ಯುವಜನರೇ ನಡೆಸುವ ವ್ಯಸನ ತಡೆಗೆ ಸಮಗ್ರ ಮಾರ್ಗದರ್ಶಿ

ಜೂನ್ 26 ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನ. ವಿಶ್ವಸಂಸ್ಥೆ 1987ರಲ್ಲಿ ಈ ದಿನವನ್ನು ಗೊತ್ತುಮಾಡಿತು. ಕೊಡಗಿನ ಮಳೆಯನ್ನು ಯಾರೂ ಕೇಳಲಿಲ್ಲ. ಹಾಗಾಗಿ ಕೊಡೆ ಹಿಡಿದ ಮಕ್ಕಳ ಜಾಥಾ, ಒದ್ದೆಯಾದ ಬ್ಯಾನರ್, ಸಭಾಂಗಣದಲ್ಲಿ ಕೈ ಮುಂದೆ ಚಾಚಿ ಪ್ರತಿಜ್ಞೆ, ಒಂದು ಫೋಟೊ. ಜಾಥಾ ಮಾಡಬೇಡಿ ಎಂದಲ್ಲ. ಆದರೆ ಜಾಥಾ ನೋಡಿ ಸಿಗರೇಟು ಎಸೆದವರಾಗಲಿ, ಪ್ರತಿಜ್ಞೆ ಮಾಡಿದ್ದಕ್ಕೆ ಮದುವೆ ಮನೆಯ ಮೊದಲ ಗ್ಲಾಸನ್ನು ಬೇಡ ಎಂದ ಹುಡುಗರಾಗಲಿ ಬಹಳ ಅಪರೂಪ. ಈ ಬರಹ ಅದರ ಹೊರಗಿನ ಕೆಲಸದ ಬಗ್ಗೆ: ಒಂದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಹತ್ತು ಮಂದಿ ಯುವಕ ಯುವತಿಯರು ಒಂದು ವರ್ಷದಲ್ಲಿ ಏನು ಮಾಡಬಹುದು, ಯಾವ ಕ್ರಮದಲ್ಲಿ, ಎಲ್ಲಿ ಕೆಡುತ್ತದೆ.

ಗುರಿ ಚಿಕ್ಕದಿರಲಿ, ಅಳೆಯುವಂತಿರಲಿ

"ವ್ಯಸನಮುಕ್ತ ಕೊಡಗು" ಎಂಬ ಗುರಿ ಬ್ಯಾನರಿಗೆ ಚೆನ್ನ, ಕೆಲಸಕ್ಕೆ ಬಾರದು. ಕೊಡವ ಮನೆಗಳಲ್ಲಿ ಕಾರಣವರಿಗೆ, ಅಂದರೆ ಪೂರ್ವಿಕರಿಗೆ, ಮೀದಿ (ಎಡೆ) ಇಡುವಾಗ ಮದ್ಯ ಇರುತ್ತದೆ, ಮದುವೆಯಲ್ಲಿ ಇರುತ್ತದೆ, ಹಬ್ಬದಲ್ಲಿ ಇರುತ್ತದೆ. ಇಂಥ ಊರಿನಲ್ಲಿ "ಕುಡಿತ ಪಾಪ" ಎಂದು ಮಾತು ಶುರುಮಾಡಿದರೆ ಹಿರಿಯರು ನಕ್ಕು ಕಳಿಸುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ಎರಡರಲ್ಲೂ ನಿಮಗೆ ಬಾಗಿಲು ಮುಚ್ಚಿತು.

ಹಿರಿಯರೂ ಒಪ್ಪುವ, ವಿಜ್ಞಾನವೂ ಒಪ್ಪುವ ಗುರಿ ಒಂದಿದೆ: ಮೊದಲ ಗುಟುಕನ್ನು, ಮೊದಲ ಬೀಡಿಯನ್ನು, ಮೊದಲ ದಮ್ಮನ್ನು ಆದಷ್ಟು ಮುಂದಕ್ಕೆ ಹಾಕುವುದು. 1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, 15 ವರ್ಷ ತುಂಬುವ ಮುಂಚೆ ಕುಡಿಯಲು ಶುರುಮಾಡಿದವರಲ್ಲಿ ಸುಮಾರು ಶೇ 40 ಮಂದಿ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಮದ್ಯಕ್ಕೆ ದಾಸರಾಗಿದ್ದರು. 20 ದಾಟಿದ ಮೇಲೆ ಶುರುಮಾಡಿದವರಲ್ಲಿ ಆ ಪ್ರಮಾಣ ಶೇ 10ರ ಆಸುಪಾಸು. ಬೇಗ ಕುಡಿದದ್ದೊಂದೇ ಇದಕ್ಕೆ ಕಾರಣ ಎನ್ನಲಾಗದು, ಮನೆಯ ಪರಿಸ್ಥಿತಿಯೂ ಸೇರಿರುತ್ತದೆ. ಆದರೂ ಹದಿಹರೆಯದ ಮಿದುಳು ಇನ್ನೂ ಬಲಿಯುತ್ತಿರುವ ಹೊತ್ತಿನಲ್ಲಿ ಪ್ರತಿ ವರ್ಷದ ವಿಳಂಬಕ್ಕೂ ಬೆಲೆ ಇದೆ.

ಗುರಿಯನ್ನು ಹೀಗೆ ಬರೆದುಕೊಳ್ಳಿ: "ನಮ್ಮ ಪಂಚಾಯಿತಿಯ 8, 9, 10ನೇ ತರಗತಿ ಮಕ್ಕಳಲ್ಲಿ ಕಳೆದ 30 ದಿನಗಳಲ್ಲಿ ಮದ್ಯ ಅಥವಾ ತಂಬಾಕು ಬಳಸಿದವರ ಸಂಖ್ಯೆ ಎರಡು ವರ್ಷದಲ್ಲಿ ಇಳಿಯಬೇಕು." ಗಾಂಜಾ, ಎಂಡಿಎಂಎ ಎಂಬ ರಾಸಾಯನಿಕ ಅಮಲು ಪದಾರ್ಥ ಸುದ್ದಿಯಲ್ಲಿ ಹೆಚ್ಚು ಕೇಳಿಸುತ್ತವೆ. ಆದರೆ ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯ ಬಳಸುವವರು ಶೇ 14.6, ಗಾಂಜಾ, ಭಂಗಿ, ಚರಸ್ ಎಲ್ಲ ಸೇರಿ ಶೇ 2.8. ಹುಡುಗರ ಕೈಗೆ ಮೊದಲು ಬರುವುದೂ ಸಾಮಾನ್ಯವಾಗಿ ತಂಬಾಕು ಮತ್ತು ಮದ್ಯವೇ. ಅಲ್ಲಿಂದಲೇ ಶುರುಮಾಡಿ.

ತಂಡ ಕಟ್ಟುವುದು

8ರಿಂದ 12 ಮಂದಿ ಸಾಕು. ವಯಸ್ಸು 17ರಿಂದ 24. ಅದಕ್ಕಿಂತ ದೊಡ್ಡವರಾದರೆ ಎಂಟನೇ ತರಗತಿಯವರ ಕಣ್ಣಿಗೆ ನೀವೂ ಮೇಷ್ಟ್ರೇ. ಚಿಕ್ಕವರಾದರೆ ಅವರ ಮಾತು ನಡೆಯುವುದಿಲ್ಲ. ಕನಿಷ್ಠ ನಾಲ್ವರು ಹುಡುಗಿಯರಿರಲಿ, ಏಕೆಂದರೆ ಮನೆಯೊಳಗಿನ ಕುಡಿತದ ಸುದ್ದಿ ಹುಡುಗರ ಕಿವಿಗೆ ಬೀಳುವುದೇ ಕಡಿಮೆ. ಕೊಡವರು, ಅರೆಭಾಷೆ ಗೌಡರು, ಮಾಪಿಳ್ಳೆಗಳು, ಯರವ ಆದಿವಾಸಿಗಳು, ತೋಟದ ಕೂಲಿಕಾರರ ಲೈನ್‌ಮನೆಯಲ್ಲಿ ಬೆಳೆದವರು, ಹೀಗೆ ಊರಿನಲ್ಲಿ ಯಾರ್‍ಯಾರಿದ್ದಾರೋ ಅವರೆಲ್ಲರಿಂದ ಒಬ್ಬೊಬ್ಬರಾದರೂ ಬೇಕು. ಒಂದೇ ಸಮುದಾಯದ ತಂಡವಾದರೆ ಎರಡನೇ ತಿಂಗಳಿಗೇ "ಇದು ಅವರ ಸಂಘ" ಎಂಬ ಮಾತು ಹುಟ್ಟುತ್ತದೆ.

ಹೊಸ ಸಂಘ ನೋಂದಾಯಿಸಲು ಹೋಗಬೇಡಿ. ಊರಿನ ಯುವಕ ಸಂಘ, ಯುವತಿ ಮಂಡಳಿ, ಕಾಲೇಜಿನ ಎನ್‌ಎಸ್‌ಎಸ್ ಘಟಕ ಯಾವುದಾದರೊಂದರ ನೆರಳಿನಲ್ಲಿ ಕೆಲಸ ಶುರುಮಾಡಿ. ಸಭೆಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಕೇಳಿದರೆ ಸಿಗುತ್ತದೆ. ಬಾಡಿಗೆಯಿಲ್ಲ, ಯಾರ ಮನೆಯೂ ಅಲ್ಲ.

ಇಬ್ಬರು ಹಿರಿಯ ಮಾರ್ಗದರ್ಶಕರು ಬೇಕು: ಒಬ್ಬರು ಆರೋಗ್ಯದ ಕಡೆಯವರು (ಆಶಾ ಕಾರ್ಯಕರ್ತೆ, ಸಮುದಾಯ ಆರೋಗ್ಯಾಧಿಕಾರಿ, ನಿವೃತ್ತ ನರ್ಸ್ ಯಾರಾದರೂ), ಇನ್ನೊಬ್ಬರು ಊರಲ್ಲಿ ಮಾತು ನಡೆಯುವವರು. ಅವರ ಕೆಲಸ ಪತ್ರಕ್ಕೆ ಸಹಿ ಹಾಕುವುದು, ಬಾಗಿಲು ತೆರೆಸುವುದು, ಅಪಾಯ ಬಂದಾಗ ಮುಂದೆ ನಿಲ್ಲುವುದು. ಸಭೆ ನಡೆಸುವುದು, ತೀರ್ಮಾನಿಸುವುದು ಯುವಕರದ್ದೇ. ಮಾರ್ಗದರ್ಶಕರು ಭಾಷಣ ಶುರುಮಾಡಿದ ಸಭೆಗೆ ಮುಂದಿನ ಬಾರಿ ಅರ್ಧ ಜನ ಬರುವುದಿಲ್ಲ.

ಮೊದಲ ಸಭೆಯಲ್ಲೇ ಬರೆದಿಡಬೇಕಾದ ನಿಯಮಗಳು ನಾಲ್ಕು. 18 ತುಂಬದವರು ಮಾರುವವರ ಹತ್ತಿರ ಹೋಗುವುದಾಗಲಿ, ಪ್ರಶ್ನಿಸುವುದಾಗಲಿ ಕೂಡದು. ಯಾರದೇ ಹೆಸರು, ಮನೆಹೆಸರು ವಾಟ್ಸ್ಆ್ಯಪ್ ಗುಂಪಿನಲ್ಲಿ ಬರಕೂಡದು. ತಂಡದ ಕಾರ್ಯಕ್ರಮದ ದಿನ ತಂಡದ ಯಾರೂ ಕುಡಿದು, ಸೇದಿ ಬರಕೂಡದು. ಮದ್ಯದಂಗಡಿ, ಬಾರ್, ತಂಬಾಕು ಕಂಪನಿ, ಚುನಾವಣೆಗೆ ನಿಲ್ಲುವವರು ಇವರ ಹಣ ಬೇಡ. ಮೂರನೆಯದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. "ಜೀವನದಲ್ಲಿ ಎಂದೂ ಕುಡಿಯದವರೇ ಬೇಕು" ಎಂದರೆ ಕೊಡಗಿನಲ್ಲಿ ತಂಡ ಕಟ್ಟುವುದು ಕಷ್ಟ. ಸುಳ್ಳು ಹೇಳಿ ಸೇರಿದವರು ಸಿಕ್ಕಿಬಿದ್ದಾಗ ಇಡೀ ತಂಡ ನಗೆಪಾಟಲು.

ಖರ್ಚು ಹೆಚ್ಚಿಲ್ಲ. ಚಾರ್ಟ್ ಹಾಳೆ, ಜೆರಾಕ್ಸ್, ಚಹಾ, ಬಸ್ ದರ ಎಂದು ಮೊದಲ ಮೂರು ತಿಂಗಳಿಗೆ 6,000ದಿಂದ 8,000 ರೂಪಾಯಿ ಹಿಡಿಯಿರಿ. ಟೀ ಶರ್ಟಿಗೆ ದುಡ್ಡು ಹಾಕಬೇಡಿ.

ಊರನ್ನು ಓದುವುದು: ನಕ್ಷೆ ಮತ್ತು ಗುಟ್ಟಿನ ಸಮೀಕ್ಷೆ

ದೊಡ್ಡ ಚಾರ್ಟ್ ಹಾಳೆಯಲ್ಲಿ ಪೆನ್ಸಿಲಿನಿಂದ ಊರ ನಕ್ಷೆ ಬಿಡಿಸಿ. ಶಾಲೆ, ಬಸ್ ತಂಗುದಾಣ, ಅಂಗಡಿ, ವೈನ್ಸ್, ಮೈದಾನ, ಹೊಳೆ ಬದಿ, ಬಳಕೆಯಿಲ್ಲದ ಕಾಫಿ ಕಣ, ತೋಟದೊಳಗಿನ ದಾರಿ, ವ್ಯೂ ಪಾಯಿಂಟ್. ಪ್ರತಿ ಜಾಗದ ಪಕ್ಕ ಅಲ್ಲಿ ಕುಡಿಯುವ, ಸೇದುವ ವಾರ ಮತ್ತು ಹೊತ್ತು ಬರೆಯಿರಿ, ವ್ಯಕ್ತಿಗಳ ಹೆಸರು ಮಾತ್ರ ಬೇಡ. ಎರಡು ಗಂಟೆಯ ಈ ಕೆಲಸದಲ್ಲಿ ತಂಡಕ್ಕೇ ಅಚ್ಚರಿಯಾಗುವಂಥ ವಿಷಯ ಹೊರಬರುತ್ತದೆ. ಎಷ್ಟೋ ಕಡೆ ಸಮಸ್ಯೆಯ ಹೊತ್ತು ರಾತ್ರಿಯಲ್ಲ, ಸಂಜೆ ನಾಲ್ಕರಿಂದ ಆರು: ಶಾಲೆ ಬಿಟ್ಟಿದೆ, ಮುಂದಿನ ಬಸ್ಸಿಗೆ ಒಂದು ಗಂಟೆ ಇದೆ, ಅಪ್ಪ ಅಮ್ಮ ತೋಟದಿಂದ ಬಂದಿಲ್ಲ. ಅಂಥ ಊರಿಗೆ ಭಾಷಣಕ್ಕಿಂತ ಆ ಒಂದು ಗಂಟೆಗೆ ಫುಟ್‌ಬಾಲ್ ಒಂದು, ತೆರೆದ ಅರಿವು ಕೇಂದ್ರ ಒಂದು ಬೇಕು. ನಕ್ಷೆಯ ಫೋಟೊ ತೆಗೆಯಬೇಡಿ. ಕೆಲಸ ಮುಗಿದ ಮೇಲೆ ಮಾರ್ಗದರ್ಶಕರ ಬೀರುವಿನಲ್ಲಿರಲಿ.

ಇನ್ನು ಸಮೀಕ್ಷೆ. ಇದರ ಮೇಲೆಯೇ ಮುಂದಿನದೆಲ್ಲ ನಿಂತಿದೆ, ಹೆಚ್ಚು ಕೆಡುವುದೂ ಇಲ್ಲೇ. ಕೊಡಗು ಚಿಕ್ಕ ಜಿಲ್ಲೆ. ಮನೆಹೆಸರು ಹೇಳಿದರೆ ಯಾರ ಮಗ, ಯಾವ ಊರು ಎಂಬುದು ಮೂರನೇ ಪ್ರಶ್ನೆಗೆ ಹೊರಬರುತ್ತದೆ. ತನ್ನ ಉತ್ತರ ಯಾರಿಗಾದರೂ ತಿಳಿಯುತ್ತದೆಂಬ ಅನುಮಾನ ಒಂದಿಷ್ಟು ಬಂದರೂ ಮಕ್ಕಳು "ಇಲ್ಲ, ಇಲ್ಲ, ಇಲ್ಲ" ಎಂದು ಗೀಚಿ ಕೊಟ್ಟುಬಿಡುತ್ತಾರೆ.

ಮೊದಲು ಮುಖ್ಯೋಪಾಧ್ಯಾಯರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ. ಸಮೀಕ್ಷೆಗೆ ಒಂದು ವಾರ ಮುಂಚೆ ಪೋಷಕರಿಗೆ ಚೀಟಿ ಹೋಗಬೇಕು. ಬೇಡ ಎಂದವರ ಮಕ್ಕಳನ್ನು ಬಿಟ್ಟುಬಿಡಿ. ಒಂದೇ ಹಾಳೆ, 12 ಪ್ರಶ್ನೆ, ಎಲ್ಲಕ್ಕೂ ಟಿಕ್ ಗುರುತು ಮಾತ್ರ. ಬರವಣಿಗೆ ಇದ್ದರೆ ಅಕ್ಷರದಿಂದ ಗುರುತು ಸಿಗುತ್ತದೆ. ಹೆಸರಿಲ್ಲ, ಕ್ರಮಸಂಖ್ಯೆಯಿಲ್ಲ, ಜಾತಿಯಿಲ್ಲ, ಊರಿಲ್ಲ. ಎಲ್ಲರಿಗೂ ಒಂದೇ ಬಣ್ಣದ ಪೆನ್. ಶಿಕ್ಷಕರು ತರಗತಿಯ ಹೊರಗೆ. ಹಾಳೆಯನ್ನು ಎರಡು ಮಡಿಕೆ ಮಾಡಿ, ಟೇಪ್ ಹಾಕಿದ ರಟ್ಟಿನ ಡಬ್ಬಕ್ಕೆ ಮಕ್ಕಳೇ ಹಾಕಲಿ. 15 ನಿಮಿಷದಲ್ಲಿ ಮುಗಿಯಬೇಕು.

ಕೇಳಬೇಕಾದದ್ದು: ತಂಬಾಕು, ಮದ್ಯ, ಮೂಸುವ ವಸ್ತು (ವೈಟ್ನರ್, ಅಂಟು), ಗಾಂಜಾ ಇವನ್ನು ಎಂದಾದರೂ ಬಳಸಿದ್ದೀರಾ, ಕಳೆದ 30 ದಿನಗಳಲ್ಲಿ ಬಳಸಿದ್ದೀರಾ, ಮೊದಲ ಬಾರಿ ಯಾವ ವಯಸ್ಸಿನಲ್ಲಿ, ಎಲ್ಲಿ ಸಿಕ್ಕಿತು (ಮನೆ, ಮದುವೆ, ಅಂಗಡಿ, ಗೆಳೆಯರು, ಪ್ರವಾಸಿಗರು). ಮೂಸುವ ವಸ್ತುವನ್ನು ಬಿಡಬೇಡಿ. ಅದೇ 2019ರ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ 10ರಿಂದ 17ರ ಮಕ್ಕಳಲ್ಲೇ ಬಳಕೆ ಹೆಚ್ಚಿದ್ದ ವಸ್ತು ಇದೊಂದೇ. ಆದರೆ ಎಂಟನೇ ತರಗತಿಯ ಹಾಳೆಯಲ್ಲಿ ಮಾತ್ರೆ, ಪುಡಿಗಳ ಹೆಸರುಗಳ ಪಟ್ಟಿ ಕೊಡಬೇಡಿ. ಅದು ಸಮೀಕ್ಷೆಯಲ್ಲ, ಪರಿಚಯ ಪತ್ರ. ಮೇಲೆ ಹೇಳಿದ ನಾಲ್ಕರ ನಡುವೆ ಲೋಕದಲ್ಲೇ ಇಲ್ಲದ ಒಂದು ಮಾತ್ರೆಯ ಹೆಸರನ್ನು ಕಲ್ಪಿಸಿ ಸೇರಿಸಿ. ಅದಕ್ಕೂ "ಹೌದು" ಎಂದವರ ಹಾಳೆಯನ್ನು ಲೆಕ್ಕದಿಂದ ತೆಗೆಯಿರಿ: ಜಂಬಕ್ಕೆ ಟಿಕ್ ಹಾಕಿದವರು ಹೀಗೆ ಸಿಗುತ್ತಾರೆ.

ತಪ್ಪದೆ ಕೇಳಬೇಕಾದ ಇನ್ನೊಂದು ಪ್ರಶ್ನೆ: "ನಿಮ್ಮ ತರಗತಿಯ 10 ಜನರಲ್ಲಿ ಎಷ್ಟು ಮಂದಿ ಕಳೆದ ತಿಂಗಳು ಕುಡಿದಿರಬಹುದು ಎಂದು ನಿಮ್ಮ ಅಂದಾಜು?" ಹೆಚ್ಚಿನ ಕಡೆ ಅಂದಾಜು ನಿಜಕ್ಕಿಂತ ಬಹಳ ದೊಡ್ಡದಿರುತ್ತದೆ. "ಎಲ್ಲರೂ ಮಾಡ್ತಾರೆ" ಎಂಬ ಆ ನಂಬಿಕೆಯೇ ಅರ್ಧ ಹುಡುಗರನ್ನು ತಳ್ಳುವುದು. ಅಂದಾಜಿಗೂ ನಿಜಕ್ಕೂ ಇರುವ ಅಂತರ ಮುಂದೆ ಶಾಲೆಯ ಮೊದಲ ಪಾಠವಾಗುತ್ತದೆ. ಎಣಿಕೆ ಮುಗಿದ ದಿನವೇ ಹಾಳೆಗಳನ್ನು ಸುಡಿ. 20ಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಅಂಕಿಗಳನ್ನು ಬಿಡಿಸಿ ಹೇಳಬೇಡಿ. ಆರು ಹುಡುಗಿಯರಿರುವ ತರಗತಿಯಲ್ಲಿ "ಹುಡುಗಿಯರಲ್ಲಿ ಒಬ್ಬಳು" ಎಂದರೆ ಸಂಜೆಯೊಳಗೆ ಹುಡುಕಾಟ ಶುರು. ಶಾಲೆಯ ಹೆಸರು ಹಾಕಿ ಪತ್ರಿಕೆಗೆ ಕೊಡುವುದಂತೂ ಆಗಲೇಕೂಡದು. ಮುಂದಿನ ವರ್ಷ ಆ ಶಾಲೆ ಗೇಟು ತೆರೆಯದು.

ಕೊಡಗಿನ ಪಂಚಾಂಗ ನೋಡಿ ಯೋಜನೆ

ವರ್ಷಕ್ಕೆ ಎರಡೇ ಕೆಲಸ ಆರಿಸಿಕೊಳ್ಳಿ: ಶಾಲೆಯ ಪಾಠವೊಂದು, ಊರಿನ ರೂಢಿಯಲ್ಲಿ ಬದಲಾವಣೆಯೊಂದು. ಐದು ಕೈಗೆತ್ತಿಕೊಂಡ ತಂಡಗಳು ಯಾವುದನ್ನೂ ಮುಗಿಸುವುದಿಲ್ಲ.

ಜೂನ್, ಜುಲೈಯಲ್ಲಿ ಮಳೆ, ಕರೆಂಟಿಲ್ಲ, ದಿಢೀರ್ ರಜೆ. ತಂಡದ ತರಬೇತಿ, ಸಮೀಕ್ಷೆಯ ತಯಾರಿಗೆ ಅದು ಒಳ್ಳೆಯ ಕಾಲ. ಜುಲೈ ಕೊನೆಯಿಂದ ಕೆಸರುಗದ್ದೆ ಕ್ರೀಡಾಕೂಟಗಳು. ಸೆಪ್ಟೆಂಬರ್ ಮೊದಲ ವಾರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರಿನಲ್ಲಿ ದಸರಾ ಮತ್ತು ಕಾವೇರಿ ಸಂಕ್ರಮಣ, ನವೆಂಬರ್ ಕೊನೆ ಡಿಸೆಂಬರಿನಲ್ಲಿ ಸುಗ್ಗಿಯ ಹಬ್ಬ ಪುತ್ತರಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು: ಎಲ್ಲರ ಕೈಯಲ್ಲೂ ದುಡ್ಡು, ಯಾರ ಹತ್ತಿರವೂ ಸಮಯವಿಲ್ಲ. ಮಾರ್ಚ್ ಪರೀಕ್ಷೆ. ಏಪ್ರಿಲ್, ಮೇ ರಜೆ, ಮದುವೆಗಳು, ಕೌಟುಂಬಿಕ ಹಾಕಿ, ಕ್ರಿಕೆಟ್ ಪಂದ್ಯಾವಳಿಗಳು. ಶಾಲೆಯ ಪಾಠ ಆಗಸ್ಟ್ ಮಧ್ಯದಿಂದ ನವೆಂಬರಿನೊಳಗೆ ಮುಗಿಯಬೇಕು. ಹಬ್ಬ ಮದುವೆಗಳ ಕೆಲಸಕ್ಕೆ ಎರಡು ತಿಂಗಳು ಮುಂಚೆ ಮಾತುಕತೆ ಶುರುವಾಗಬೇಕು. ನವೆಂಬರ್ ಆಸುಪಾಸಿನಲ್ಲಿ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಯನ್ನು ಕೈಬಿಡಬೇಡಿ. ಅಲ್ಲಿ ಮಗುವೊಂದು ಎದ್ದು "ಬಸ್ ತಂಗುದಾಣದಲ್ಲಿ ಲೈಟಿಲ್ಲ, ಅಲ್ಲಿ ಕುಡೀತಾರೆ" ಎಂದರೆ ಅದು ನಡಾವಳಿ ಪುಸ್ತಕಕ್ಕೆ ಏರುತ್ತದೆ, ಆಮೇಲೆ ನೀವು ಅದರ ಬೆನ್ನು ಹತ್ತಬಹುದು.

ಶಾಲೆಯಲ್ಲಿ ಆರು ವಾರ

ಹೆದರಿಸುವ ಚಿತ್ರ, ಶ್ವಾಸಕೋಶದ ಫೋಟೊ, ಒಂದು ಗಂಟೆಯ ಪೊಲೀಸ್ ಭಾಷಣ, ಚಟ ಬಿಟ್ಟವರ ರೋಚಕ ಕಥೆ: ಇವುಗಳಿಂದ ಬಳಕೆ ಇಳಿಯುವುದಿಲ್ಲ ಎಂದು ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ತಡೆಗಟ್ಟುವಿಕೆಯ ಮಾನದಂಡಗಳು ಹೇಳುತ್ತವೆ. ಚಟ ಬಿಟ್ಟವರ ಕಥೆಯಂತೂ ಹದಿಮೂರರ ಹುಡುಗನಿಗೆ "ಎಲ್ಲಾ ಮಾಡಿ ಕೊನೆಗೆ ಬಿಟ್ಟು ಹೀರೋ ಆಗಬಹುದು" ಎಂದು ಕೇಳಿಸುತ್ತದೆ. ಕೆಲಸ ಮಾಡುವುದು ಮಕ್ಕಳೇ ಬಾಯಿ ಬಿಟ್ಟು, ಎದ್ದು ನಿಂತು, ಅಭ್ಯಾಸ ಮಾಡುವಂಥ ಪಾಠ.

ಎಂಟನೇ ತರಗತಿಯಿಂದ ಶುರುಮಾಡಿ. ವಾರಕ್ಕೊಂದು 40 ನಿಮಿಷದ ಅವಧಿ, ಆರು ವಾರ. 20 ಮಕ್ಕಳಿಗೆ ಇಬ್ಬರು ನಾಯಕರು, ಒಬ್ಬ ಹುಡುಗ ಒಬ್ಬಳು ಹುಡುಗಿ. ನಾಯಕರಿಗೆ ಮುಂಚೆ ಎರಡು ಭಾನುವಾರ, ಒಟ್ಟು 12 ಗಂಟೆ ತಾಲೀಮು. ಪ್ರತಿ ಅವಧಿಯನ್ನೂ ತಮ್ಮ ತಮ್ಮಲ್ಲೇ ಒಮ್ಮೆ ಪೂರ್ತಿ ನಡೆಸಿ ನೋಡಬೇಕು.

ಮೊದಲ ವಾರ ಸಮೀಕ್ಷೆಯ ಅಂತರ. ಮಕ್ಕಳ ಅಂದಾಜು ಕೇಳಿ, ಬೋರ್ಡಿನಲ್ಲಿ ಬರೆದು, ಆಮೇಲೆ ನಿಜವಾದ ಅಂಕಿ ತೋರಿಸಿ. ನಿಜವಾದ ಅಂಕಿಯೂ ದೊಡ್ಡದೇ ಇದ್ದರೆ ಈ ಪಾಠ ತಿರುಗುಬಾಣವಾಗುತ್ತದೆ. ಅಂಥ ಶಾಲೆಯಲ್ಲಿ ಇದನ್ನು ಬಿಟ್ಟು ನೇರ ಎರಡನೆಯದಕ್ಕೆ ಹೋಗಿ. ಎರಡನೇ ವಾರ ಹತ್ತಿರದ ನಷ್ಟ: ನಲವತ್ತು ವರ್ಷದ ಮೇಲಿನ ಕ್ಯಾನ್ಸರ್ ಅಲ್ಲ, ಈ ಶನಿವಾರದ ಪಂದ್ಯದಲ್ಲಿ ಏದುಸಿರು, ಬಾಯಿಯ ವಾಸನೆ, ದಿನಕ್ಕೆ 20 ರೂಪಾಯಿಯ ತಂಬಾಕಿನ ಪೊಟ್ಟಣ ವರ್ಷಕ್ಕೆ 7,300 ರೂಪಾಯಿ. ಆ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ.

ಮೂರನೇ ವಾರ ಬೇಡ ಎನ್ನುವ ಅಭ್ಯಾಸ. ಆರರಲ್ಲಿ ಒಂದೇ ನಡೆಸಲು ಸಾಧ್ಯವಿದ್ದರೆ ಇದನ್ನೇ ನಡೆಸಿ. ನಟನೆಯಲ್ಲಿ ಕೊಡುವವರ ಪಾತ್ರ ಯಾವಾಗಲೂ ನಾಯಕರದ್ದು, ಬೇಡ ಎನ್ನುವ ಪಾತ್ರ ಮಕ್ಕಳದ್ದು. ಮಕ್ಕಳಿಗೆ ಕೊಡುವವರ ಪಾತ್ರ ಕೊಟ್ಟರೆ ಒತ್ತಾಯಿಸುವುದು ಹೇಗೆಂಬ ತರಬೇತಿ ಆಗಿಹೋಗುತ್ತದೆ, ತರಗತಿಯೂ ನಗೆಯಲ್ಲಿ ಮುಳುಗುತ್ತದೆ. ಮಾತುಗಳು ಊರಿನವೇ ಆಗಿರಲಿ. ಮಾವ ಗ್ಲಾಸ್ ಚಾಚಿ "ಒಂದು ಸಿಪ್ ತಗೋ ಮಗ, ಗಂಡಸಲ್ವಾ ನೀನು" ಎಂದಾಗ: "ಬೇಡ ಮಾವ, ನಾಳೆ ಮ್ಯಾಚ್ ಉಂಟು." ಗೆಳೆಯ "ಹೆದರ್ತೀಯಾ ಮಾರಾಯ" ಎಂದಾಗ: "ಹೌದು, ಹೆದರ್ತೇನೆ. ಬಾ, ಆಡೋಣ." ಮೂರನೇ ಬಾರಿ ಒತ್ತಾಯಿಸಿದರೆ ಮಾತು ನಿಲ್ಲಿಸಿ ಅಲ್ಲಿಂದ ಎದ್ದು ಹೋಗುವುದು. ಪ್ರತಿ ಮಗುವೂ ಕನಿಷ್ಠ ಎರಡು ಬಾರಿ ಗಟ್ಟಿಯಾಗಿ ಹೇಳಲೇಬೇಕು. ಕೇಳಿಸಿಕೊಂಡದ್ದು ಸಾಲದು, ಬಾಯಿಗೆ ರೂಢಿಯಾಗದ ಮಾತು ಬೇಕಾದ ಹೊತ್ತಿಗೆ ಬರುವುದಿಲ್ಲ.

ನಾಲ್ಕನೇ ವಾರ ಸಿಟ್ಟು, ಬೇಸರ, ಪರೀಕ್ಷೆಯ ಭಯ ಬಂದಾಗ ಏನು. ಪ್ರತಿ ಮಗುವೂ ತಾನು ಹೋಗಿ ಮಾತಾಡಬಲ್ಲ ಇಬ್ಬರು ದೊಡ್ಡವರ ಹೆಸರನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳಲಿ. ಐದನೇ ವಾರ ಗೆಳೆಯನಿಗೆ ತೊಂದರೆಯಾದಾಗ ಮಾಡಬೇಕಾದದ್ದು, ಸಹಾಯವಾಣಿಗಳು. ಆರನೇ ವಾರ ಮುಂದೆ ಬರುವ ಹಬ್ಬವನ್ನೋ ರಜೆಯನ್ನೋ ಎದುರಿಟ್ಟುಕೊಂಡು ಪ್ರತಿಯೊಬ್ಬರೂ ತಮ್ಮದೇ ಯೋಜನೆ ಹೇಳುವುದು. ಮರುವರ್ಷ ಅದೇ ಮಕ್ಕಳಿಗೆ ಒಂಬತ್ತನೇ ತರಗತಿಯಲ್ಲಿ ಎರಡು ಅವಧಿ ಮತ್ತೆ ಬೇಕು. ಇಲ್ಲದಿದ್ದರೆ ಕಲಿತದ್ದು ತೊಳೆದುಹೋಗುತ್ತದೆ.

ಒಂದು ಎಚ್ಚರಿಕೆ. "ಹಾದಿ ತಪ್ಪಿದವರನ್ನೆಲ್ಲ ಒಟ್ಟಿಗೆ ಸೇರಿಸಿ ವಿಶೇಷ ತರಗತಿ ಮಾಡಿ" ಎಂದು ಶಾಲೆಯವರು ಕೇಳಬಹುದು. ಒಪ್ಪಬೇಡಿ. ಅಂಥವರನ್ನೇ ಗುಂಪು ಮಾಡಿದಾಗ ಒಬ್ಬರಿಂದೊಬ್ಬರು ಕಲಿತು ಬಳಕೆ ಹೆಚ್ಚಿದ ಉದಾಹರಣೆಗಳು ಸಂಶೋಧನೆಯಲ್ಲಿವೆ. ಎಲ್ಲರ ನಡುವೆಯೇ ಅವರಿರಲಿ.

ಮದುವೆ, ಹಬ್ಬ, ಪಂದ್ಯ

ಕೊಡಗಿನ ಹುಡುಗರಲ್ಲಿ ಅನೇಕರಿಗೆ ಮೊದಲ ಗುಟುಕು ಸಿಗುವುದು ಅಂಗಡಿಯಲ್ಲಲ್ಲ, ನೆಂಟರ ಕೈಯಿಂದ. ಇಲ್ಲಿ ಪೊಲೀಸರಿಗೆ ಕೆಲಸವಿಲ್ಲ, ಮನೆತನದ ಹಿರಿಯರಾದ ಪಟ್ಟೇದಾರರಿಗೆ ಇದೆ.

ಒಕ್ಕದ (ಒಂದೇ ಮನೆತನದವರ) ವಾರ್ಷಿಕ ಸಭೆಗೋ ಕೈಲ್‌ಪೊಳ್ದಿಗೋ ಎರಡು ತಿಂಗಳು ಮುಂಚೆ ಪಟ್ಟೇದಾರರನ್ನು ಕಾಣಿ. ತಂಡದಿಂದ ಇಬ್ಬರೇ ಹೋಗಿ, ಅವರಲ್ಲೊಬ್ಬರು ಅದೇ ಒಕ್ಕದವರಿರಲಿ. ಕೇಳುವುದು ಚಿಕ್ಕದು: ಮೀದಿ, ಕಾರಣವರ ಕಟ್ಟಳೆ ಯಾವುದನ್ನೂ ಮುಟ್ಟುವುದಿಲ್ಲ, 21 ತುಂಬದವರಿಗೆ ಗ್ಲಾಸ್ ಕೊಡುವುದು ಬೇಡ, ಚಿಕ್ಕವರ ಕೈಯಲ್ಲಿ ಮದ್ಯ ಬಡಿಸುವುದು ಬೇಡ, ಅಷ್ಟೇ. ಕರ್ನಾಟಕದ ಅಬಕಾರಿ ಪರವಾನಗಿ ನಿಯಮಗಳಲ್ಲೂ ಮದ್ಯ ಮಾರಾಟಕ್ಕೆ ಇರುವ ವಯಸ್ಸು 21 ಎಂದು ತಿಳಿಸಿ. ಆಮೇಲೆ ಆ ಮಾತನ್ನು ಸಭೆಯಲ್ಲಿ ಹೇಳುವವರು ಪಟ್ಟೇದಾರರೇ ಆಗಲಿ, ನೀವಲ್ಲ. ಗೌಡ ಸಮಾಜ, ಜಮಾಅತ್, ಚರ್ಚ್, ಕೊಡವ ಮಹಿಳೆಯರ ಪೊಮ್ಮಕ್ಕಡ ಕೂಟ, ಸ್ತ್ರೀಶಕ್ತಿ ಸಂಘ, ಎಲ್ಲ ಕಡೆಯೂ ಇದೇ ಕ್ರಮ: ಕೇಳುವವರು ನೀವು, ಹೇಳುವವರು ಅವರ ಹಿರಿಯರು.

ಮದುವೆಗೆ ಪಟ್ಟಿ ಹೀಗಿರಲಿ. ಬಾರ್ ಕೌಂಟರ್ ಊಟದ ಹಾಲಿನಿಂದ ದೂರ, ಒಂದೇ ಕಡೆ. ಕೌಂಟರಿನಲ್ಲಿ 25 ದಾಟಿದ, ಊರ ಮಕ್ಕಳ ಮುಖ ಗೊತ್ತಿರುವ ಒಬ್ಬರು. ಅದರಷ್ಟೇ ಚೆಂದವಾಗಿ ಇನ್ನೊಂದು ಮೇಜು: ಕಿತ್ತಳೆ ಶರಬತ್ತು, ಪಾನಕ, ಬಿಸಿ ಕಾಫಿ. ಹಸಿದ ಹುಡುಗರು ತಿಂಡಿ ಇರುವ ಕಡೆ ಸೇರುತ್ತಾರೆ, ಹಾಗಾಗಿ ಪಂದಿ ಕರಿಯ ತಟ್ಟೆ ಬಾರ್ ಪಕ್ಕ ಮಾತ್ರ ಇದ್ದರೆ ನಿಮ್ಮ ಯೋಜನೆ ಅಲ್ಲೇ ಮುಗಿಯಿತು. ರಾತ್ರಿ ಹತ್ತರ ಮೇಲೆ ಘಾಟಿ ದಾರಿಯಲ್ಲಿ ಹೋಗುವವರಿಗೆ ಕುಡಿಯದ ಚಾಲಕರಿರುವ ಎರಡು ಗಾಡಿ.

ಕೈಲ್‌ಪೊಳ್ದಿನಲ್ಲಿ ಇನ್ನೊಂದು ವಿಷಯ ಸೇರುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಬೆಳಗ್ಗೆಯೇ ಮುಗಿಯಲಿ, ಕೋವಿಗಳು ಒಳಗೆ ಹೋದ ಮೇಲೆಯೇ ಬಾಟಲಿ ಹೊರಬರಲಿ. ಇದಕ್ಕೆ ಯಾವ ಹಿರಿಯರೂ ಬೇಡ ಎನ್ನುವುದಿಲ್ಲ. ಮಾತುಕತೆ ಇಲ್ಲಿಂದ ಶುರುಮಾಡಿದರೆ ಉಳಿದದ್ದು ಸುಲಭ.

ಪಂದ್ಯಾವಳಿಗಳಲ್ಲಿ ಕೇಳಬೇಕಾದದ್ದು ಮೂರು: ಬಹುಮಾನವಾಗಿ ಬಾಟಲಿ ಬೇಡ, ಮೈದಾನದೊಳಗೆ ಮದ್ಯ ತಂಬಾಕು ಬೇಡ, ಗೆದ್ದ ತಂಡದ ಕಿರಿಯರಿಗೆ ಕುಡಿಸಿ ಸಂಭ್ರಮಿಸುವುದು ಬೇಡ. ಮೊದಲನೆಯದನ್ನು ಕರಪತ್ರ ಅಚ್ಚಾಗುವ ಮುಂಚೆ ಕೇಳಬೇಕು. ಅಚ್ಚಾದ ಮೇಲೆ ಯಾರೂ ಬದಲಾಯಿಸುವುದಿಲ್ಲ. ಆಟ ತಾನಾಗಿ ಯಾರನ್ನೂ ಕಾಪಾಡದು, ಎಷ್ಟೋ ಹುಡುಗರು ಕುಡಿಯಲು ಕಲಿತದ್ದೇ ತಂಡದ ಜೊತೆ. ಐಸ್‌ಲ್ಯಾಂಡಿನಲ್ಲಿ 15–16ರ ಮಕ್ಕಳಲ್ಲಿ ತಿಂಗಳಲ್ಲಿ ಒಮ್ಮೆಯಾದರೂ ಅಮಲೇರಿಸಿಕೊಂಡವರು 1998ರಲ್ಲಿ ಶೇ 42 ಇದ್ದದ್ದು 2016ಕ್ಕೆ ಶೇ 5ಕ್ಕೆ ಇಳಿಯಿತು. ಅಲ್ಲಿ ಮೈದಾನದ ಜೊತೆ ತರಬೇತಾದ ಕೋಚ್‌ಗಳು, ಸಂಜೆ ಮನೆಯಲ್ಲಿರುವ ಅಪ್ಪ ಅಮ್ಮ, ಪ್ರತಿವರ್ಷದ ಸಮೀಕ್ಷೆ ಎಲ್ಲವೂ ಸೇರಿದ್ದವು.

ಅಂಗಡಿಗಳು

ಶಾಲೆಯ ಗೇಟಿನಿಂದ 100 ಮೀಟರ್ ಅಳೆಯಿರಿ. ಆ ಸುತ್ತಿನೊಳಗೆ ತಂಬಾಕು ಮಾರುವಂತಿಲ್ಲ. ಕೇಂದ್ರದ 2003ರ ತಂಬಾಕು ನಿಯಂತ್ರಣದ ಕೋಟ್ಪಾ ಕಾಯ್ದೆಯಲ್ಲಿ ಕೊಳ್ಳುವವರ ವಯಸ್ಸು 18. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ನಮ್ಮಲ್ಲಿ 21. ಇ–ಸಿಗರೇಟು 2019ರಿಂದ ದೇಶವಿಡೀ ನಿಷಿದ್ಧ. 18 ತುಂಬದ ಮಗುವಿಗೆ ವೈದ್ಯರ ಸಲಹೆಯಿಲ್ಲದೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷದವರೆಗೆ ಕಠಿಣ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಈ ಕೊನೆಯದನ್ನು ಅಂಗಡಿಯವರಲ್ಲಿ ಅನೇಕರು ಕೇಳಿಯೇ ಇರುವುದಿಲ್ಲ.

ಮೊದಲ ಭೇಟಿಯಲ್ಲಿ ಬೆದರಿಕೆ ಬೇಡ. ವ್ಯಾಪಾರ ಕಡಿಮೆ ಇರುವ ಹೊತ್ತಿಗೆ ಹೋಗಿ, ಕಾನೂನಿನ ಒಂದು ಹಾಳೆ ಕೊಟ್ಟು, "21ರ ಒಳಗಿನವರಿಗೆ ತಂಬಾಕು ಇಲ್ಲ" ಎಂಬ ಚೀಟಿ ಅಂಟಿಸಲು ಕೇಳಿ. "ಅಪ್ಪನಿಗೆ ಬೇಕಂತೆ" ಎಂದು ಬರುವ ಮಗುವಿಗೂ ಇಲ್ಲ ಎನ್ನಲು ಆ ಚೀಟಿ ಅಂಗಡಿಯವರಿಗೇ ನೆಪವಾಗುತ್ತದೆ. ಮೂರು ವಾರದ ಮೇಲೆ ಎರಡನೇ ಭೇಟಿ. ಆಮೇಲೂ ಬದಲಾಗದಿದ್ದರೆ ಮಾರ್ಗದರ್ಶಕರ ಸಹಿಯೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ಠಾಣೆಗೂ ಪತ್ರ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು. ಮಕ್ಕಳನ್ನು ಕಳಿಸಿ ಕೊಳ್ಳಿಸಿ ವಿಡಿಯೊ ಮಾಡುವ ಸಾಹಸ ಬೇಡವೇ ಬೇಡ. ಆ ಮಗು ಅದೇ ಅಂಗಡಿಯ ಮುಂದೆ ದಿನಾ ಬಸ್ಸಿಗೆ ಕಾಯಬೇಕು.

ಲೈನ್‌ಮನೆ, ಹಾಡಿ

ಲೈನ್‌ಮನೆಗೂ ಆದಿವಾಸಿಗಳಿರುವ ಹಾಡಿಗೂ ಅದೇ ಚಾರ್ಟ್ ಹಿಡಿದು ಹೋದರೆ ನಡೆಯುವುದಿಲ್ಲ. ಕೂಲಿಯ ಬಟವಾಡೆ ದಿನ, ಸಂತೆ ದಿನ, ಹಿಂತಿರುಗುವ ದಾರಿಯ ವೈನ್ಸ್: ಈ ಮೂರರ ಲೆಕ್ಕವೇ ಬೇರೆ. ಅಂಗನವಾಡಿ ಕಾರ್ಯಕರ್ತೆ, ಆಶಾ, ಆಶ್ರಮ ಶಾಲೆಯ ಶಿಕ್ಷಕರ ಜೊತೆ ಹೋಗಿ. ಯರವ, ಕುರುಬ ಮಾತಾಡುವ ಯುವಕರೇ ಅಲ್ಲಿ ಮುಂದೆ ನಿಲ್ಲಲಿ. ಅಸ್ಸಾಮಿನಿಂದ ಬಂದ ಕುಟುಂಬಗಳಿದ್ದರೆ ಅವರ ಭಾಷೆಯಲ್ಲೇ ಧ್ವನಿ ಸಂದೇಶ ಮಾಡಿಸಿ. ತೋಟದ ಸಾಹುಕಾರರನ್ನೂ ಲೆಕ್ಕ ಬರೆಯುವ ರೈಟರನ್ನೂ ಕೇಳಬೇಕಾದದ್ದು: ಕೂಲಿಯ ಜೊತೆ ಮದ್ಯದ ಪೊಟ್ಟಣ ಕೊಡುವ ರೂಢಿ ಎಲ್ಲಾದರೂ ಇದ್ದರೆ ನಿಲ್ಲಿಸುವುದು, ಬಟವಾಡೆಯನ್ನು ವಾರದ ನಡುವಿನ ದಿನಕ್ಕೆ ತರುವುದು, ಹೆಂಗಸರ ಕೂಲಿಯನ್ನು ಅವರವರದ್ದೇ ಖಾತೆಗೆ ಹಾಕುವುದು.

"ಎಲ್ಲ ಹೊರಗಿನವರು ತಂದದ್ದು" ಎಂಬ ಮಾತು ಸಭೆಗಳಲ್ಲಿ ಬಂದೇ ಬರುತ್ತದೆ. ಒಮ್ಮೆ ಕಾರ್ಮಿಕರು, ಒಮ್ಮೆ ಗಡಿಯಾಚೆಯವರು, ಒಮ್ಮೆ ಪ್ರವಾಸಿಗರು. ಚರ್ಚೆ ಅತ್ತ ಹೊರಳಿದರೆ ಸಮೀಕ್ಷೆಯ "ಎಲ್ಲಿ ಸಿಕ್ಕಿತು" ಎಂಬ ಪ್ರಶ್ನೆಯ ಉತ್ತರವನ್ನು ಮುಂದಿಡಿ. ಅಲ್ಲಿ "ಮನೆ, ಮದುವೆ" ಮೇಲಿದ್ದರೆ ಮಾತು ತಾನೇ ದಾರಿಗೆ ಬರುತ್ತದೆ.

ಈಗಾಗಲೇ ಸಿಕ್ಕಿಕೊಂಡವರು

ನೀವು ವೈದ್ಯರಲ್ಲ. ನಿಮ್ಮ ಕೆಲಸ ಕೇಳಿಸಿಕೊಳ್ಳುವುದು, ಆಸ್ಪತ್ರೆಯವರೆಗೆ ಜೊತೆಗೆ ಹೋಗುವುದು. ಒಬ್ಬನೇ ಇದ್ದಾಗ, ಕುಡಿಯದೆ ಇರುವಾಗ, "ಎರಡು ವಾರದಿಂದ ಪ್ರಾಕ್ಟೀಸಿಗೆ ಬರ್ತಿಲ್ಲ, ಏನಾಯ್ತು?" ಎಂದು ಕಂಡದ್ದನ್ನಷ್ಟೇ ಕೇಳಿ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಶಿಬಿರ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416, ಮಕ್ಕಳಿಗೆ 1098; ಮೂರೂ ಉಚಿತ.

ಊರವರು ಸೇರಿ ದಿನಾ ಕುಡಿಯುವವನಿಂದ ದೇವಸ್ಥಾನದಲ್ಲಿ ಆಣೆ ಹಾಕಿಸಿ ಅಂದೇ ನಿಲ್ಲಿಸುವುದು ಒಳ್ಳೆಯ ಉದ್ದೇಶದ ಅಪಾಯ. ವರ್ಷಗಟ್ಟಲೆ ಕುಡಿದವರು ಏಕಾಏಕಿ ಬಿಟ್ಟರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು. ಮೊದಲ 48 ಗಂಟೆಯಲ್ಲಿ ಫಿಟ್ಸ್. ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ, ಜ್ವರ, ಕೆಲವೊಮ್ಮೆ ಸಾವು. ಬೆಳಗ್ಗೆ ಎದ್ದ ಕೂಡಲೇ ಕುಡಿಯದೆ ಕೈ ನಡುಗುವವರು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಕಳಿಸುವ ಮುಂಚೆಯೂ ಇಂಥವರನ್ನು ಒಮ್ಮೆ ಆಸ್ಪತ್ರೆಗೆ ತೋರಿಸಿ.

ಯಾರಾದರೂ ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಾಡುತ್ತಿದ್ದರೆ ಅಥವಾ ತುಟಿ ನೀಲಿಗಟ್ಟಿದ್ದರೆ 108ಕ್ಕೆ ಕರೆ ಮಾಡಿ. ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ, ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ. ಮಜ್ಜಿಗೆ, ಹುಳಿನೀರು ಕುಡಿಸುವುದು, ವಾಂತಿ ಮಾಡಿಸುವುದು, ತಣ್ಣೀರಿಗೆ ಹಾಕುವುದು ಬೇಡ, ಉಸಿರುಗಟ್ಟುತ್ತದೆ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಮೊಬೈಲ್ ಸಿಗ್ನಲ್ ಇಲ್ಲದ ತೋಟಗಳಲ್ಲಿ ಸಿಗ್ನಲ್ ಸಿಗುವ ಹತ್ತಿರದ ತಿರುವು ಯಾವುದೆಂದು ತಂಡದ ಎಲ್ಲರಿಗೂ ತಿಳಿದಿರಬೇಕು.

ಪೊಲೀಸ್ ಕೇಸಿನ ಭಯದಿಂದ ಚಿಕಿತ್ಸೆಗೆ ಹಿಂಜರಿಯುವ ಮನೆಯವರಿಗೆ ಇದನ್ನು ತಿಳಿಸಿ: ಮಾದಕ ವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಆ ಆರೋಪದ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ಆ ರಕ್ಷಣೆ ಹೋಗಬಹುದು. ಮಾರುವವರಿಗೆ ಇದು ಅನ್ವಯಿಸದು.

ಮಾರುವವರ ಸುದ್ದಿ ಕಿವಿಗೆ ಬಿದ್ದರೆ

ಹಿಂಬಾಲಿಸಬೇಡಿ, ಫೋಟೊ ತೆಗೆಯಬೇಡಿ, ಗುಂಪಿನಲ್ಲಿ ಬರೆಯಬೇಡಿ. ಜಾಗ, ಹೊತ್ತು, ಗಾಡಿಯ ಬಣ್ಣ ಇಷ್ಟನ್ನು ಮಾರ್ಗದರ್ಶಕರಿಗೆ ಬಾಯಲ್ಲೇ ತಿಳಿಸಿ. ಅವರು ರಾಷ್ಟ್ರೀಯ ಮಾದಕವಸ್ತು ಸಹಾಯವಾಣಿ 1933ಕ್ಕೆ ತಿಳಿಸಲಿ, ತುರ್ತಿದ್ದರೆ 112. ಕರೆ ಮಾಡಿದವರು ಯಾರೆಂದು ತಂಡದೊಳಗೂ ಮಾತು ಬೇಡ. ಬೀಟ್ ಪೊಲೀಸರು ತಂಡದ ಹುಡುಗರನ್ನೇ ಮಾಹಿತಿದಾರರನ್ನಾಗಿ ಬಳಸಲು ಬಯಸಿದರೆ ಮಾರ್ಗದರ್ಶಕರು ಸ್ಪಷ್ಟವಾಗಿ ಬೇಡ ಎನ್ನಬೇಕು. ತಂಡದ ಮೇಲೆ "ಪೊಲೀಸರ ಕಿವಿ" ಎಂಬ ಹೆಸರು ಬಿದ್ದ ದಿನ ಸಹಾಯ ಕೇಳಿಕೊಂಡು ಬರುವವರು ನಿಲ್ಲುತ್ತಾರೆ.

ಲೆಕ್ಕ, ಹಸ್ತಾಂತರ

ಮರುವರ್ಷ ಅದೇ ತಿಂಗಳು, ಅದೇ ಪ್ರಶ್ನೆಗಳ ಸಮೀಕ್ಷೆ. ಪುತ್ತರಿ ಮುಗಿದ ಮರುವಾರ ಕೇಳಿದರೆ ಅಂಕಿ ಏರುತ್ತದೆ, ಪರೀಕ್ಷೆಯ ವಾರ ಕೇಳಿದರೆ ಇಳಿಯುತ್ತದೆ. ಹಾಗಾಗಿ ತಿಂಗಳು ಬದಲಾಯಿಸಬೇಡಿ. ಮೊದಲ ವರ್ಷ ಅಂಕಿ ಇಳಿಯದೇ ಇರಬಹುದು, ನಂಬಿಕೆ ಬಂದದ್ದರಿಂದ ಮಕ್ಕಳು ಹೆಚ್ಚು ನಿಜ ಹೇಳಿ ಏರಲೂಬಹುದು. ಅದರ ಜೊತೆ ಇನ್ನೂ ಎರಡು ಎಣಿಸಿ: ವಯಸ್ಸಿನ ಚೀಟಿ ಇನ್ನೂ ಅಂಟಿಕೊಂಡಿರುವ ಅಂಗಡಿಗಳು, ಒಪ್ಪಿದ ಪಟ್ಟಿಯಂತೆ ನಡೆದ ಮದುವೆಗಳು. ಎಷ್ಟು ಕಾರ್ಯಕ್ರಮ, ಎಷ್ಟು ಫೋಟೊ ಎಂಬ ಲೆಕ್ಕದಿಂದ ಏನೂ ತಿಳಿಯದು.

ತಂಡ ಮುರಿಯುವುದು ಜಗಳದಿಂದಲ್ಲ, ಮೈಸೂರು ಬೆಂಗಳೂರಿನ ಬಸ್ಸಿನಿಂದ. ಪಿಯುಸಿ ಮುಗಿಸಿದವರು ಜೂನಿನಲ್ಲಿ ಹೊರಡುತ್ತಾರೆ. ಆದ್ದರಿಂದ ಪ್ರತಿ ಕೆಲಸಕ್ಕೂ ಇಬ್ಬರು, ಒಬ್ಬರು ಈ ವರ್ಷ ಹೋಗುವವರು, ಒಬ್ಬರು ಇನ್ನೆರಡು ವರ್ಷ ಇರುವವರು. ಏಪ್ರಿಲ್ ರಜೆಯಲ್ಲಿ ಹೊಸಬರಿಗೆ 12 ಗಂಟೆಯ ತಾಲೀಮು ಕೊಟ್ಟು, ಒಂದು ದಪ್ಪ ನೋಟ್‌ಬುಕ್ಕನ್ನು ಕೈಗಿಡಿ: ಪತ್ರಗಳ ಪ್ರತಿ, ಆರು ಅವಧಿಯ ಪಾಠ, ಸಮೀಕ್ಷೆಯ ಹಾಳೆ, ಯಾರನ್ನು ಯಾವಾಗ ಕಂಡರೆ ಕೆಲಸವಾಗುತ್ತದೆ ಎಂಬ ಪುಟ, ಖರ್ಚಿನ ಲೆಕ್ಕ. ಹೊರಟವರು ಮದುವೆ, ಹಬ್ಬಕ್ಕೆ ಊರಿಗೆ ಬರುತ್ತಲೇ ಇರುತ್ತಾರೆ. ಕೌಂಟರಿನ ಹತ್ತಿರ ನಿಲ್ಲುವ ಪಾಳಿಯನ್ನು ಅವರಿಗೆ ಕೊಡಿ.